ಗಿಡ್ಡ ದನಗಳ ಹೆಸರಿಗೆ ಉಯಿಲು: ಯಾರ ಕೈಗೆ ಕೊಡಬೇಕು, ಹೇಗೆ ಬರೆಯಬೇಕು

ಕಾಸರಗೋಡು, ಮಂಜೇಶ್ವರ ಕಡೆ ಉಯಿಲು ಬರೆಸುವಾಗ ‘ಗೋಸೇವೆಗೆ ಐದು ಲಕ್ಷ’ ಎಂಬ ಒಂದು ಸಾಲು ಸೇರಿಸುವುದುಂಟು. ಅದರ ಹಿಂದಿನ ಆಸೆ ಹಲವು ಸಲ ಇನ್ನೂ ಖಚಿತವಾದದ್ದು: ತಲೆಮಾರುಗಳಿಂದ ಹಟ್ಟಿಯಲ್ಲಿದ್ದ ಊರ ಗಿಡ್ಡ ದನದ ತಳಿ ಅಳಿಯಬಾರದು. ಆದರೆ ಆ ಒಂದು ಸಾಲಿನಿಂದ ತಳಿಗೆ ಏನೂ ಸಿಗದೆ ಹೋಗಬಹುದು. ಹಣ ಎಲ್ಲಿಗೆ ಹೋಗಬೇಕೆಂದು ಬರೆದಿಲ್ಲ, ಯಾವ ಕೆಲಸಕ್ಕೆಂದು ಬರೆದಿಲ್ಲ, ಯಾರು ಲೆಕ್ಕ ಕೇಳಬೇಕೆಂದೂ ಇಲ್ಲ.

ಗೋಸೇವೆಯೂ ತಳಿ ಸಂರಕ್ಷಣೆಯೂ ಎರಡು ಬೇರೆ ಕೆಲಸ. ಬೀದಿಗೆ ಬಿಟ್ಟ ದನ, ಹಾಲು ಬತ್ತಿದ ಜೆರ್ಸಿ ಮಿಶ್ರತಳಿ, ಗಾಯಗೊಂಡ ಹೋರಿ, ಎಲ್ಲವನ್ನೂ ಸಾಯುವವರೆಗೆ ಸಾಕುವುದು ಗೋಸೇವೆ. ಅಲ್ಲಿ ಕರು ಹಾಕಿಸುವುದೇ ಬೇಡವೆಂದು ಹೋರಿಗಳನ್ನು ಬೇರೆ ಕಟ್ಟುವುದು ಸರಿಯಾದ ಕ್ರಮ. ಅದು ಪುಣ್ಯದ ಕೆಲಸವೇ. ತಳಿ ಉಳಿಸುವ ಕಡೆ ಮಾತ್ರ ಶುದ್ಧ ತಳಿಯ ಹಸು ಬೇರೆ ವಂಶದ ಹೋರಿಯಿಂದ ಗಬ್ಬವಾಗಬೇಕು, ಕರುವಿನ ತಾಯಿ-ತಂದೆ ಯಾರೆಂದು ಪುಸ್ತಕದಲ್ಲಿ ಏರಬೇಕು, ಕಡಸುಗಳು ಹೊರಗಿನ ಮನೆಗಳಿಗೆ ಹೋಗಬೇಕು. ನಿಮ್ಮ ಹಣ ಯಾವುದಕ್ಕೆ ಎಂಬುದನ್ನು ಮೊದಲು ತೀರ್ಮಾನಿಸಿ. ಕೆಳಗಿನದೆಲ್ಲ ಎರಡನೆಯದನ್ನು ಬಯಸುವವರಿಗೆ.

ತಳಿಗೆ ನಿಜವಾಗಿ ಬೇಕಾದದ್ದು

ಕಾಸರಗೋಡು ಗಿಡ್ಡವನ್ನು ನಮ್ಮ ಹಿರಿಯರು ಸಾಕಿದ್ದು ಹಾಲಿಗಿಂತ ಗೊಬ್ಬರಕ್ಕೆ. ಹಗಲು ಗುಡ್ಡೆಯಲ್ಲಿ ಮೇದು, ಸಂಜೆ ಹಟ್ಟಿಗೆ ಬಂದು, ಸೊಪ್ಪಿನ ಮೇಲೆ ಮಲಗಿ ಅಡಿಕೆ ತೋಟಕ್ಕೆ ಗೊಬ್ಬರ ಕೊಡುತ್ತಿದ್ದ ದನ ಇದು. ಕೆಂಪುಕಲ್ಲಿನ ಪಾರೆಯ ಮೇಲೆ ಸಲೀಸಾಗಿ ಹತ್ತಿಳಿಯುವ ಸಣ್ಣ ಗೊರಸು, ಕುಳ್ಳ ಕಾಲು, ಮಳೆಗಾಲದ ಥಂಡಿ ತಡೆಯುವ ಮೈ. ಗುಡ್ಡೆಗಳು ರಬ್ಬರ್ ತೋಟಗಳಾದವು, ಗೊಬ್ಬರ ಚೀಲದಲ್ಲಿ ಬಂತು. 1963ರ ಇಂಡೋ-ಸ್ವಿಸ್ ಯೋಜನೆಯೊಂದಿಗೆ ಕೇರಳದಲ್ಲಿ ಮಿಶ್ರತಳಿಯ ನೀತಿ ಬೇರೂರಿ, ಊರ ಹೋರಿಗಳ ಬೀಜ ಒಡೆಸುವುದೇ ಸುಧಾರಣೆ ಎನಿಸಿಕೊಂಡಿತು. ಹಾಗಾಗಿ ಮೊದಲು ಕಾಣೆಯಾದದ್ದು ಹೋರಿ. ಇಂದಿಗೂ ಕೊರತೆ ಇರುವುದು ಅಲ್ಲೇ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಹಿಂಡಿನಲ್ಲಿ ವಂಶದ ವೈವಿಧ್ಯ ಎಷ್ಟು ಉಳಿದೀತೆಂದು ತಿಳಿಯಲು ತಳಿಶಾಸ್ತ್ರದಲ್ಲಿ ‘ಪರಿಣಾಮಕಾರಿ ಸಂಖ್ಯೆ’ ಎಂದೊಂದು ಅಳತೆ ಇದೆ. ಹೋರಿಗಳ ಸಂಖ್ಯೆಯನ್ನೂ ಹಸುಗಳ ಸಂಖ್ಯೆಯನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಂದು ಹೋರಿ, 20 ಹಸು ಇದ್ದರೆ ಸಿಗುವುದು 3.8. ಅದೇ ಒಂದು ಹೋರಿಗೆ 200 ಹಸು ಸೇರಿಸಿ, 4ಕ್ಕೂ ಏರುವುದಿಲ್ಲ. ಹಸು 20ಕ್ಕೇ ಇರಲಿ, ಹೋರಿ ನಾಲ್ಕಾಗಲಿ, 13.3ಕ್ಕೆ ಜಿಗಿಯುತ್ತದೆ. ಸಂಖ್ಯೆ 3.8 ಇದ್ದಾಗ ಪ್ರತಿ ತಲೆಮಾರಿಗೆ ರಕ್ತಸಂಬಂಧ ಸುಮಾರು ಶೇ. 13ರಷ್ಟು ಏರುತ್ತದೆ, ಗಬ್ಬ ನಿಲ್ಲದಿರುವುದು, ಬಡಕಲು ಕರು, ಹುಟ್ಟಿದ ವಾರದಲ್ಲೇ ಸಾವು, ಎಲ್ಲ ಅಲ್ಲಿಂದ ಶುರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕನಿಷ್ಠ 50 ಇರಬೇಕೆನ್ನುತ್ತದೆ. ಅದಕ್ಕೆ 15 ಹೋರಿ, 75 ಹಸು ಬೇಕು, ಅದೂ ಹೋರಿಗಳು ಒಂದಕ್ಕೊಂದು ನಂಟಿಲ್ಲದವಾಗಿದ್ದರೆ.

ಇಷ್ಟನ್ನು ಒಂದೇ ಗೋಶಾಲೆಯಲ್ಲಿ ಕೂಡಿಹಾಕುವುದು ಕಷ್ಟ. ಕಾಲುಬಾಯಿ ರೋಗವೋ ಚರ್ಮಗಂಟು ರೋಗವೋ ಒಮ್ಮೆ ನುಗ್ಗಿದರೆ ಇಡೀ ತಳಿಯೇ ಅಪಾಯಕ್ಕೆ ಬೀಳುತ್ತದೆ. ಹತ್ತಾರು ಹಟ್ಟಿಗಳಲ್ಲಿ ಹಸುಗಳಿದ್ದು, ಹೋರಿಗಳು ಎರಡೂವರೆ-ಮೂರು ವರ್ಷಕ್ಕೊಮ್ಮೆ, ಅಂದರೆ ತನ್ನದೇ ಮಗಳು ಬೆದೆಗೆ ಬರುವ ಮೊದಲು, ಊರು ಬದಲಿಸುತ್ತಿರಬೇಕು. ಆದ್ದರಿಂದ ನಮ್ಮ ಸಲಹೆ ಸ್ಪಷ್ಟ: ಕಟ್ಟಡಕ್ಕೆ ಕೊಡಬೇಡಿ, ಹೋರಿಗೂ ದಾಖಲೆಗೂ ಕೊಡಿ. ದಾನಿಯ ಹೆಸರು ಕೆತ್ತಿದ ಹಟ್ಟಿಗೆ ಹಣ ಸುಲಭವಾಗಿ ಸಿಗುತ್ತದೆ. ಹೋರಿಯ ಬೈಹುಲ್ಲಿಗೆ ಯಾರೂ ಕೊಡುವುದಿಲ್ಲ.

ಯಾರ ಕೈಗೆ: ನಾಲ್ಕು ದಾರಿ

ಮೊದಲನೆಯದು, ಈಗಾಗಲೇ ತಳಿಯ ಕೆಲಸ ಮಾಡುತ್ತಿರುವ ಟ್ರಸ್ಟ್ ಅಥವಾ ಗೋಶಾಲೆ. ಪೆರ್ಲದ ಬಜಕೂಡ್ಲುವಿನ ಅಮೃತಧಾರಾ ಗೋಶಾಲೆ ನಮ್ಮ ಜಿಲ್ಲೆಯೊಳಗೇ ಇದೆ. ಕೇರಳದ ಇನ್ನೊಂದು ಗಿಡ್ಡ ತಳಿಯಾದ ವೆಚೂರಿನ ಮಟ್ಟಿಗೆ, ತಳಿಶಾಸ್ತ್ರಜ್ಞೆ ಡಾ. ಶೋಶಮ್ಮ ಐಪ್ ಅವರು 1989ರಲ್ಲಿ ತ್ರಿಶೂರಿನ ಮಣ್ಣುತ್ತಿಯಲ್ಲಿ ಶುರುಮಾಡಿದ ಕೆಲಸದ ಬೆನ್ನಿಗೆ 1998ರಲ್ಲಿ ವೆಚೂರ್ ಕನ್ಸರ್ವೇಶನ್ ಟ್ರಸ್ಟ್ ಹುಟ್ಟಿತು. ಯಾವ ಸಂಸ್ಥೆಯೇ ಇರಲಿ, ಉಯಿಲು ಬರೆಯುವ ಮೊದಲು ಅಲ್ಲಿಗೆ ಹೋಗಿ ಮೂರು ಸಂಗತಿ ಕೇಳಿ. ಹೋರಿಗಳು ಎಷ್ಟು, ಅವು ಎಲ್ಲಿಂದ ಬಂದವು? ಕಳೆದ ಎರಡು ವರ್ಷಗಳ ಕರುಗಳ ತಂದೆ-ತಾಯಿ ದಾಖಲೆ ಎಲ್ಲಿದೆ? ಹೆಚ್ಚಾದ ಕಡಸುಗಳು ಎಲ್ಲಿಗೆ ಹೋಗುತ್ತವೆ? ದಾಖಲೆ ಎಂದರೆ ಏನಿರಬೇಕು ಎಂಬುದೂ ಗೊತ್ತಿರಲಿ: ಪ್ರತಿ ದನಕ್ಕೂ 12 ಅಂಕಿಯ ಕಿವಿಯೋಲೆ (ಗುರುತಿಗೆ ಕಿವಿಗೆ ಹಾಕುವ ಬಿಲ್ಲೆ) ಸಂಖ್ಯೆ, ಹುಟ್ಟಿದ ತಾರೀಕು, ತಾಯಿ ಮತ್ತು ತಂದೆಯ ಸಂಖ್ಯೆ, ಬಣ್ಣ, ಎಡಬದಿಯಿಂದ ಒಂದು ಫೋಟೋ. ‘ಗೌರಿ, ಕಪ್ಪು, ಒಳ್ಳೆಯ ಹಸು’ ಎಂದಷ್ಟೇ ಬರೆದಿರುವ ಪುಸ್ತಕ ತಳಿ ದಾಖಲೆಯಾಗುವುದಿಲ್ಲ. ಆದಾಯ ತೆರಿಗೆಯ ಧರ್ಮಾರ್ಥ ನೋಂದಣಿ ಊರ್ಜಿತದಲ್ಲಿದೆಯೇ, ಮೂರು ವರ್ಷದ ಆಡಿಟ್ ವರದಿ ಕೊಡುತ್ತಾರೆಯೇ ಎಂಬುದನ್ನು ಆಮೇಲೆ ನೋಡಿ. ಈ ದಾರಿಯಲ್ಲಿ ಕೆಲಸ ಮರುದಿನವೇ ಶುರುವಾಗುತ್ತದೆ. ಅಪಾಯವೂ ಇದೆ: ಆಡಳಿತ ಬದಲಾದಾಗ ತಳಿಯ ಆಸಕ್ತಿ ಹೋಗಿ, ನಿಮ್ಮ ಹಣ ಸಾಮಾನ್ಯ ಮೇವಿನ ಖರ್ಚಿನಲ್ಲಿ ಕರಗಬಹುದು.

ಎರಡನೆಯದು, ವಿಶ್ವವಿದ್ಯಾಲಯ ಅಥವಾ ಸರಕಾರಿ ಕೇಂದ್ರ. ಬದಿಯಡ್ಕದ ಬೇಳದಲ್ಲಿ ಪಶುಸಂಗೋಪನಾ ಇಲಾಖೆಯ ಗಿಡ್ಡ ತಳಿಯ ಫಾರ್ಮ್ ಇದೆ. ವಯನಾಡಿನ ಪೂಕೋಡಿನಲ್ಲಿ ಕೇರಳ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ವ್ಯಕ್ತಿಗಳು ನಿವೃತ್ತರಾದರೂ ಸಂಸ್ಥೆ ಐವತ್ತು ವರ್ಷ ನಿಲ್ಲುತ್ತದೆ ಎಂಬುದು ಇಲ್ಲಿಯ ದೊಡ್ಡ ಬಲ. ಆದರೆ ಉಯಿಲಿನಲ್ಲಿ ಬಂದ ಹಣ ಯಾವ ಖಾತೆಗೆ ಹೋಗಬೇಕೆಂದು ತಿಳಿಯದೆ ಕಡತದಲ್ಲೇ ಕೂರಬಹುದು, ಇಲ್ಲವೇ ಚಿನ್ನದ ಪದಕವೋ ವಿದ್ಯಾರ್ಥಿವೇತನವೋ ಆಗಿ ಮುಗಿಯಬಹುದು. ಅವರಿಗೆ ಅದು ಸುಲಭ, ತಳಿಗೆ ಅದರಿಂದ ಹೆಚ್ಚೇನೂ ಇಲ್ಲ. ಈ ದಾರಿ ಹಿಡಿಯುವವರು ಬದುಕಿರುವಾಗಲೇ ಸಂಸ್ಥೆಯಿಂದ ಒಪ್ಪಿಗೆ ಪತ್ರ ಪಡೆದು, ಅದರ ಸಂಖ್ಯೆ ಮತ್ತು ತಾರೀಕನ್ನು ಉಯಿಲಿನಲ್ಲಿ ನಮೂದಿಸಬೇಕು.

ಇಲ್ಲಿಯೇ ವೀರ್ಯ ಸಂಗ್ರಹದ ಮಾತು. 0.25 ಮಿಲಿಲೀಟರಿನ ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯ ದಶಕಗಳ ಕಾಲ ಕೆಡುವುದಿಲ್ಲ. ಸಾರಜನಕ ತುಂಬಿಸುವುದು ತಪ್ಪಿದರೆ ಮಾತ್ರ ಇಡೀ ಕ್ಯಾನು ಕೆಲವು ದಿನಗಳಲ್ಲಿ ಹಾಳು. ಅದಕ್ಕೇ ಎರಡು ಬೇರೆ ಊರುಗಳಲ್ಲಿ ಇಡಬೇಕೆಂಬ ಷರತ್ತು ಹಾಕಿ. ‘ವೀರ್ಯ ಇದ್ದರೆ ತಳಿ ಉಳಿಯಿತು’ ಎಂದು ಭಾವಿಸಬೇಡಿ. ಹಸುಗಳೇ ಇಲ್ಲದಿದ್ದರೆ ಬೇರೆ ತಳಿಯ ಹಸುವಿನ ಮೇಲೆ ಐದು ತಲೆಮಾರು ಸತತವಾಗಿ ಅದೇ ತಳಿಯ ವೀರ್ಯ ಬಳಸಿದಾಗ ಶೇ. 96.9ಕ್ಕೆ ತಲುಪುತ್ತೀರಿ. ತಲೆಮಾರಿಗೆ ನಾಲ್ಕು ವರ್ಷವೆಂದರೂ ಅದು 20 ವರ್ಷದ ಕೆಲಸ. ವೀರ್ಯಬ್ಯಾಂಕು ವಿಮೆ ಇದ್ದಂತೆ, ಬೇಕೇ ಬೇಕು, ಆದರೆ ಹಟ್ಟಿಯ ದನಕ್ಕೆ ಬದಲಿಯಲ್ಲ.

ಮೂರನೆಯದು, ಮನೆತನದ್ದೇ ಟ್ರಸ್ಟ್. ಹೆಸರು ಉಳಿಯುತ್ತದೆ, ಷರತ್ತು ನಿಮ್ಮದೇ. ನಾವು ಇದನ್ನು ಹೆಚ್ಚಿನವರಿಗೆ ಹೇಳುವುದಿಲ್ಲ. ಪ್ಯಾನ್, ತೆರಿಗೆ ನೋಂದಣಿ, ಅದರ ನವೀಕರಣ, ವಾರ್ಷಿಕ ರಿಟರ್ನ್, ಲೆಕ್ಕ ಪರಿಶೋಧನೆ, ಇಷ್ಟನ್ನೂ ನೀವು ಹೋದ ಮೇಲೆ ಮಾಡುವವರು ಯಾರು? ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದರೆ ಎರಡನೆಯ ತಲೆಮಾರಿನಲ್ಲಿ ರಿಟರ್ನ್ ನಿಲ್ಲುತ್ತದೆ, ನೋಂದಣಿ ರದ್ದಾಗುತ್ತದೆ, ಖಾತೆ ಸ್ತಬ್ಧವಾಗುತ್ತದೆ. ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗುತ್ತದೆ. ಅರ್ಧ ಕೋಟಿಗಿಂತ ಕಡಿಮೆ ಮೊತ್ತಕ್ಕೆ ಹೊಸ ಟ್ರಸ್ಟ್ ಕಟ್ಟುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ನಾಲ್ಕನೆಯದು, ಉಯಿಲಿಗೆ ಕಾಯದೆ ಈಗಲೇ ಕೊಡುವುದು. ಮೂಲಧನವನ್ನು ಟ್ರಸ್ಟಿನ ಹೆಸರಿನ ಪ್ರತ್ಯೇಕ ನಿಧಿಯಾಗಿ ಇಡಿಸಿ, ಬಡ್ಡಿಯಿಂದ ಹೋರಿ ಸಾಕಿಸಿ, ಮೂರು ವರ್ಷ ಕಣ್ಣಾರೆ ನೋಡಿ. ಸರಿಯಾಗಿ ನಡೆದರೆ ಉಳಿದದ್ದನ್ನು ಉಯಿಲಿನಲ್ಲಿ ಬರೆಯಿರಿ. ತೆರಿಗೆಯ ದೃಷ್ಟಿಯಿಂದಲೂ ಇದೇ ಲಾಭ: 80ಜಿ ಎಂದು ರೂಢಿಯಲ್ಲಿರುವ ರಿಯಾಯಿತಿ ಬದುಕಿರುವಾಗ ಕೊಟ್ಟ ದಾನಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ, ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಸಿಗುವುದಿಲ್ಲ. ಉಯಿಲಿನ ದಾನಕ್ಕೆ ತೆರಿಗೆ ಉಳಿತಾಯ ಇಲ್ಲ. ನಮ್ಮಲ್ಲಿ ಮರಣ ತೆರಿಗೆ 1985ರಲ್ಲೇ ರದ್ದಾಗಿದೆ. ವಯಸ್ಸು, ಔಷಧಿ ಖರ್ಚು, ಮನೆಯವರ ಅಗತ್ಯ ಎಲ್ಲ ನೋಡಿಕೊಂಡು ಸ್ವಲ್ಪ ಈಗ, ಉಳಿದದ್ದು ಆಮೇಲೆ ಎಂದು ಮಾಡುವುದೇ ಬಹುಪಾಲು ಮಂದಿಗೆ ಹೊಂದುವ ಕ್ರಮ.

ಎಷ್ಟು ಹಣ ಏನು ಮಾಡೀತು

ಹೋರಿಯೊಂದಕ್ಕೆ ದಿನಕ್ಕೆ 80 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 29,200, ನಾಲ್ಕು ಹೋರಿಗೆ 1,16,800. ಠೇವಣಿಯ ಬಡ್ಡಿ ಆರೂವರೆ ಇದ್ದರೂ ಖರ್ಚಿಗೆ ನಾಲ್ಕೇ ತೆಗೆಯಬೇಕು, ಉಳಿದದ್ದು ಮೂಲಧನಕ್ಕೆ ಸೇರಬೇಕು. ಇಲ್ಲದಿದ್ದರೆ ಬೈಹುಲ್ಲಿನ ಬೆಲೆ ಏರಿದಂತೆ ನಿಧಿ ಸೊರಗುತ್ತದೆ. ಆ ಲೆಕ್ಕದಲ್ಲಿ ನಾಲ್ಕು ಹೋರಿಗಳನ್ನು ಸದಾಕಾಲ ಸಾಕಲು 29 ಲಕ್ಷ ಚಿಲ್ಲರೆ ಬೇಕು. ದಿನಕ್ಕೆ 60 ರೂಪಾಯಿಯಂತೆ ಹತ್ತು ಹಸುಗಳನ್ನು ಗೋಶಾಲೆಯಲ್ಲಿ ಸಾಕಲು 54.75 ಲಕ್ಷ. ಹಸುಗಳನ್ನು ಮನೆಯವರು ಹೇಗೂ ಗೊಬ್ಬರ, ಹಾಲಿನ ಆಸೆಯಿಂದ ಸಾಕಿಯಾರು. ಹೋರಿಯಿಂದ ಅವರಿಗೆ ಅಂಥ ಆದಾಯವಿಲ್ಲ. ನಿಮ್ಮ ಊರಿನ ದರ ಹಾಕಿ ಈ ಲೆಕ್ಕವನ್ನು ಮತ್ತೆ ಮಾಡಿ ನೋಡಿ.

ಎರಡು-ಮೂರು ಲಕ್ಷದ ಮೊತ್ತವಾದರೆ ಶಾಶ್ವತ ನಿಧಿಯ ಯೋಚನೆ ಬಿಡಿ. ಅದರ ಬಡ್ಡಿಯಿಂದ ಒಂದು ಹೋರಿಯ ಅರ್ಧ ಹೊಟ್ಟೆಯೂ ತುಂಬದು. ‘ಮೂರು ವರ್ಷದೊಳಗೆ ಪೂರ್ತಿ ಖರ್ಚು ಮಾಡತಕ್ಕದ್ದು’ ಎಂದು ಬರೆದು, ಒಂದು ಹೋರಿಯ ಪಾಲನೆ, ಸುತ್ತಲಿನ ಹಟ್ಟಿಗಳ ದನಗಳಿಗೆ ಕಿವಿಯೋಲೆ, ದಾಖಲೆ ಬರೆಯುವ ಹುಡುಗನಿಗೆ ಸಂಬಳ, ಇಷ್ಟಕ್ಕೆ ಕೊಡಿ.

ಉಯಿಲಿನ ಕಾಗದ

ಉಯಿಲಿಗೆ ಮುದ್ರಾಂಕ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಸಾಮಾನ್ಯ ಕಾಗದದಲ್ಲಿ ಬರೆದು, ನಿಮ್ಮ ರುಜು, ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಇದ್ದರೆ ಸಾಕು. ಆದರೂ ದಾನದ ಅಂಶವಿರುವ ಉಯಿಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ವಾರಸುದಾರರು ಪ್ರಶ್ನಿಸುವುದು ಮೊದಲು ಇಂಥ ಉಯಿಲುಗಳನ್ನೇ. ವಯಸ್ಸು ಎಪ್ಪತ್ತೈದು ದಾಟಿದ್ದರೆ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪತ್ರ ಅದೇ ದಿನದ್ದು ಇರಲಿ. ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ, ಹಣ ಪಡೆಯುವ ಸಂಸ್ಥೆಯವರು ಬೇಡ. ಪಾಲಾಗದ ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಮುಸ್ಲಿಮರು ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗದವರೆಗೆ ಬರೆಯಬಹುದು, ಅದಕ್ಕೂ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರ ಧರ್ಮದಾನಕ್ಕೆ ಇದ್ದ ‘ಮರಣಕ್ಕೆ 12 ತಿಂಗಳು ಮೊದಲೇ ಬರೆದಿರಬೇಕು’ ಎಂಬ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿದೆ. ವೆಳ್ಳರಿಕುಂಡು ಕಡೆಯ ಹಳೆಯ ಬರಹಗಾರರು ಇನ್ನೂ ಅದನ್ನು ಹೇಳಿದರೆ ಹೆದರಬೇಡಿ.

ಕನ್ನಡದಲ್ಲೇ ಬರೆಯಬಹುದು, ಅದು ಊರ್ಜಿತ. ಆದರೆ ಸಂಸ್ಥೆ ತ್ರಿಶೂರಿನಲ್ಲೋ ವಯನಾಡಿನಲ್ಲೋ ಇದ್ದರೆ ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಿ, ಮತ್ತು ಸಂಸ್ಥೆಯ ಹೆಸರನ್ನು ನೋಂದಣಿ ಪತ್ರದಲ್ಲಿ ಇದ್ದ ಹಾಗೆಯೇ ಬರೆಯಿರಿ. ಜನ ಕರೆಯುವ ಹೆಸರು ಬರೆದರೆ ಒಂದೇ ಹೆಸರಿನ ಎರಡು ಸಂಸ್ಥೆಗಳು ಎದುರುಬದುರಾಗುತ್ತವೆ.

ವಾಕ್ಯ ಹೀಗಿರಬಹುದು: ‘ನನ್ನ ಸಾಲ ಮತ್ತು ಉತ್ತರಕ್ರಿಯೆಯ ಖರ್ಚು ಕಳೆದು ಉಳಿಯುವ ನನ್ನ ಎಲ್ಲ ಬ್ಯಾಂಕ್ ಠೇವಣಿಗಳ ಮೊತ್ತದ ಶೇ. 20ನ್ನು ಇಂಥ ನೋಂದಣಿ ಸಂಖ್ಯೆಯ, ಇಂಥ ಪ್ಯಾನ್ ಸಂಖ್ಯೆಯ, ಇಂಥ ಸಂಸ್ಥೆಗೆ ಕೊಡತಕ್ಕದ್ದು. ಈ ಹಣವನ್ನು ಕಾಸರಗೋಡು ಗಿಡ್ಡ ತಳಿಯ ಹೋರಿಗಳ ಪಾಲನೆಗೂ ತಳಿ ದಾಖಲೆಗೂ ಮಾತ್ರ ಬಳಸತಕ್ಕದ್ದು, ಕಟ್ಟಡಕ್ಕೆ ಬಳಸಕೂಡದು. ನನ್ನ ಮರಣಕಾಲಕ್ಕೆ ಆ ಸಂಸ್ಥೆ ಇಲ್ಲದಿದ್ದರೆ ಅಥವಾ ಈ ತಳಿಯ ಕೆಲಸ ನಿಲ್ಲಿಸಿದ್ದರೆ ಇದೇ ಉದ್ದೇಶಕ್ಕಾಗಿ ಇಂಥ ಎರಡನೆಯ ಸಂಸ್ಥೆಗೆ ಕೊಡತಕ್ಕದ್ದು.’ ಕೊನೆಯ ವಾಕ್ಯವನ್ನು ಬಿಡಲೇಬೇಡಿ.

ಠೇವಣಿಯ ಸಂಖ್ಯೆಯನ್ನು ಬರೆಯದಿರುವುದು ಬೇಕೆಂದೇ. ‘ಇಂಥ ನಂಬರಿನ ಠೇವಣಿ’ ಎಂದು ಬರೆದು, ಆಮೇಲೆ ಅದನ್ನು ಮುರಿದು ಬೇರೆ ಕಡೆ ಇಟ್ಟರೆ ಆ ದಾನವೇ ಬಿದ್ದುಹೋಗುತ್ತದೆ. ಇನ್ನೊಂದು ತೊಡಕು ನಾಮಿನಿಯದು. ಬ್ಯಾಂಕು ಹಣ ಕೊಡುವುದು ನಾಮಿನಿಗೆ, ಆದರೆ ನಾಮಿನಿ ಒಡೆಯನಲ್ಲ, ಉಯಿಲಿನಂತೆ ಹಂಚಬೇಕಾದವನು. ಅವನಿಗೇ ಉಯಿಲಿನ ವಿಷಯ ಗೊತ್ತಿಲ್ಲದಿದ್ದರೆ ಹಣ ಅಲ್ಲಿಗೇ ನಿಂತಿತು. ನಾಮಿನಿಯೂ ಉಯಿಲಿನ ನಿರ್ವಾಹಕನೂ (ಉಯಿಲಿನಂತೆ ನಡೆಸಿಕೊಡಲು ನೀವು ಹೆಸರಿಸುವವನು) ಒಬ್ಬನೇ ಆಗಿದ್ದರೆ ಒಳ್ಳೆಯದು.

ಜಾಗ ಮತ್ತು ಜೀವಂತ ದನ

ಜಾಗ ಕೊಡುವವರು ಮೊದಲು ಗ್ರಾಮ ಕಚೇರಿಯ ದಾಖಲೆ ನೋಡಿ. ‘ನಿಲಂ’ (ಗದ್ದೆ) ಎಂದಿದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಅಲ್ಲಿ ಹಟ್ಟಿ ಕಟ್ಟಲಾಗದು. ದಾರಿಯಿಲ್ಲದ, ಬೇಸಿಗೆಯಲ್ಲಿ ನೀರಿಲ್ಲದ ಗುಡ್ಡೆ ಸಂಸ್ಥೆಗೆ ಭಾರವಷ್ಟೇ. ಮೇಯಲು ಆಗುವ ಗುಡ್ಡೆ, ಕೆರೆ ಅಥವಾ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇದ್ದರೆ ಅದು ಹಣಕ್ಕಿಂತ ದೊಡ್ಡ ಕೊಡುಗೆ. ಮಾರಬಹುದೇ ಕೂಡದೇ ಎಂಬುದನ್ನು ಬರೆದಿಡಿ.

ನಿಮ್ಮ ಹಟ್ಟಿಯ ದನಗಳು ಮಾತ್ರ ಉಯಿಲಿನ ವಿಚಾರಣೆ ಮುಗಿಯುವವರೆಗೆ ಹಸಿದು ಕಾಯಲಾರವು. ನಮ್ಮ ಕಾನೂನಿನಲ್ಲಿ ದನದ ಹೆಸರಿಗೇ ಹಣ ಬರೆಯಲೂ ಆಗದು. ಆದ್ದರಿಂದ ದನಗಳನ್ನು ಯಾರು ಕೊಂಡೊಯ್ಯಬೇಕೆಂದು ಹೆಸರು ಹೇಳಿ, ಮೊದಲ ಮೂರು ತಿಂಗಳ ಮೇವಿಗೆ ಬೇರೆ ಹಣ ಮೀಸಲಿಡಿ. ಕಿವಿಯೋಲೆಯ ಸಂಖ್ಯೆಗಳ ಪಟ್ಟಿಯನ್ನು ಉಯಿಲಿಗೆ ಲಗತ್ತಿಸದೆ ಬೇರೆ ಪುಸ್ತಕದಲ್ಲಿ ಇಡಿ, ಕರು ಹುಟ್ಟಿದಾಗಲೆಲ್ಲ ಉಯಿಲು ತಿದ್ದಲಾಗುವುದಿಲ್ಲವಷ್ಟೆ. ತಲಪಾಡಿ ದಾಟಿ ದಕ್ಷಿಣ ಕನ್ನಡದ ಗೋಶಾಲೆಗೆ ಕಳಿಸುವುದಾದರೆ ಪಶುವೈದ್ಯರ ಆರೋಗ್ಯ ಪತ್ರವೂ ಕರ್ನಾಟಕದ 2020ರ ಜಾನುವಾರು ಕಾಯ್ದೆಯಡಿಯ ಸಾಗಾಟದ ಕಾಗದವೂ ಬೇಕು. ಇದು ಗೊತ್ತಿಲ್ಲದೆ ದಾರಿಯಲ್ಲಿ ವಾಹನ ನಿಲ್ಲುತ್ತದೆ.

ಕನ್ನಡನಾಡಿನ ಬೇರೆ ಗಡಿಗಳಲ್ಲಿ

ತಮಿಳುನಾಡಿನ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಕಂದುಬಣ್ಣದ, ಬಿಳಿ ಮಚ್ಚೆಯ ಬರಗೂರು ದನವನ್ನು ಕಾಡಿನಲ್ಲಿ ದೊಡ್ಡಿ ಹಾಕಿ ಸಾಕುತ್ತಾರೆ. ಅಲ್ಲಿ ಕೊರತೆ ಮೇವಿನ ದುಡ್ಡಿನದ್ದಲ್ಲ, ಮೇಯುವ ಹಕ್ಕಿನದ್ದು. 2022ರ ಮದ್ರಾಸ್ ಹೈಕೋರ್ಟ್ ಆದೇಶ, 2024ರಲ್ಲಿ ಘೋಷಣೆಯಾದ ತಂದೈ ಪೆರಿಯಾರ್ ವನ್ಯಧಾಮ, ಎರಡೂ ಆ ಹಕ್ಕನ್ನು ಬಿಗಿಹಿಡಿದಿವೆ. ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕಿಗಾಗಿ ಕಾಗದ ಕೂಡಿಸುವವರಿಗೆ ಕೊಟ್ಟ ಒಂದು ಲಕ್ಷ ಗೋದಾಮು ತುಂಬ ಹುಲ್ಲಿಗಿಂತ ಹೆಚ್ಚು ದನಗಳನ್ನು ಉಳಿಸೀತು.

ಸಾಂಗಲಿ, ಸೊಲ್ಲಾಪುರದ ಕಪ್ಪು ಮಣ್ಣಿನ ಕೃಷ್ಣಾ ಕಣಿವೆ ತಳಿ ಟ್ರ್ಯಾಕ್ಟರಿನಿಂದ ಕೆಲಸ ಕಳೆದುಕೊಂಡದ್ದು. ಅಲ್ಲಿ ಎತ್ತಿಗೆ ಕೆಲಸ ಹುಡುಕುವ ಯೋಜನೆ ಇಲ್ಲದೆ ಹಣ ನಿಲ್ಲದು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳು 1950ರ ಕಾಯ್ದೆಯಂತೆ ಧರ್ಮಾದಾಯ ಆಯುಕ್ತರ ಕೆಳಗೆ ಬರುತ್ತವೆ, ಅವರ ಅಪ್ಪಣೆಯಿಲ್ಲದೆ ಟ್ರಸ್ಟಿನ ಜಾಗ ಮಾರಲಾಗದು. ಜಾಗ ದಾನಕ್ಕೆ ಇದು ಕೇರಳಕ್ಕಿಂತ ಗಟ್ಟಿ ಕಾವಲು. ಆಂಧ್ರದ ಚಿತ್ತೂರು ಕಡೆಯ ಪುಂಗನೂರು ತಳಿಯದ್ದು ಬೇರೆಯದೇ ಸಮಸ್ಯೆ. ಅಂಗಳದಲ್ಲಿ ತೋರಿಸಲೆಂದು ಲಕ್ಷಗಟ್ಟಲೆ ಕೊಡುವವರಿರುವಾಗ ಗಿಡ್ಡಗಿರುವ ಬೆರಕೆ ದನವೂ ಪುಂಗನೂರು ಎಂದು ಮಾರಾಟವಾಗುತ್ತದೆ. ಅಲ್ಲಿ ದಾನ ಹೋಗಬೇಕಾದದ್ದು ವಂಶದ ದಾಖಲೆಗೆ, ಪಲಮನೇರಿನ ಸಂಶೋಧನಾ ಕೇಂದ್ರದಂಥ ಕಡೆಗೆ.

ಉಯಿಲಿನ ಒಂದು ನಕಲನ್ನು ಸಂಸ್ಥೆಗೆ ಕೊಡಿ, ಒಂದನ್ನು ನಿರ್ವಾಹಕನಿಗೆ. ಗುಟ್ಟಾಗಿಡಬೇಕೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ಠೇವಣಿ ಇಡುವ ಸೌಲಭ್ಯವಿದೆ, ಆದರೆ ಹಾಗೆ ಇಟ್ಟಿರುವುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮೂರು ವರ್ಷಕ್ಕೊಮ್ಮೆ ಸಂಸ್ಥೆಗೆ ಹೋಗಿ ಹೋರಿಗಳನ್ನು ನೋಡಿ ಬನ್ನಿ. ಕಳೆದ ಸಲದ ಅದೇ ಹೋರಿ ಅದೇ ಹಿಂಡಿನಲ್ಲಿ ಇನ್ನೂ ಇದ್ದರೆ ಕಾರಣ ಕೇಳಿ. ಸಮಾಧಾನದ ಉತ್ತರ ಸಿಗದಿದ್ದರೆ ಉಯಿಲಿಗೆ ಒಂದು ಪುರವಣಿ ಬರೆದು, ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ, ಎರಡನೆಯ ಸಂಸ್ಥೆಯನ್ನು ಮೊದಲನೆಯದಾಗಿ ಮಾಡಬಹುದು.